ಟಿಕೆಟ್ ಹಂಚುವಾಗ ಮುತ್ತಿನಕೊಪ್ಪದ ಮತದಾರ ಎಲ್ಲಿದ್ದ?

2024ರ ಮಾರ್ಚ್ 13ರಂದು ಭಾರತೀಯ ಜನತಾ ಪಕ್ಷ ಲೋಕಸಭಾ ಚುನಾವಣೆಯ ತನ್ನ ಎರಡನೇ ಪಟ್ಟಿಯನ್ನು ದೆಹಲಿಯಲ್ಲಿ ಬಿಡುಗಡೆ ಮಾಡಿತು. ಕರ್ನಾಟಕದ 20 ಕ್ಷೇತ್ರಗಳ ಹೆಸರುಗಳು ಅದರಲ್ಲಿದ್ದವು. ಉಡುಪಿ-ಚಿಕ್ಕಮಗಳೂರು ಕ್ಷೇತ್ರಕ್ಕೆ ಕೋಟ ಶ್ರೀನಿವಾಸ ಪೂಜಾರಿಯವರ ಹೆಸರು ಬಂತು. ಇಲ್ಲಿಂದ 2014 ಮತ್ತು 2019ರಲ್ಲಿ ಗೆದ್ದಿದ್ದ ಶೋಭಾ ಕರಂದ್ಲಾಜೆಯವರನ್ನು ಬೆಂಗಳೂರು ಉತ್ತರಕ್ಕೆ ಕಳುಹಿಸಲಾಯಿತು. ಅದರ ಹಿಂದಿನ ದಿನವಷ್ಟೇ ಅಮೆರಿಕದಲ್ಲಿ ಡೊನಾಲ್ಡ್ ಟ್ರಂಪ್ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಲು ಬೇಕಾದಷ್ಟು ಪ್ರತಿನಿಧಿಗಳನ್ನು ಗಳಿಸಿಕೊಂಡಿದ್ದರು. ಎರಡೂ ಬಲಪಂಥೀಯ ಪಕ್ಷಗಳು. ಒಂದು ಕಡೆ ತಿಂಗಳುಗಟ್ಟಲೆ ರಾಜ್ಯ ರಾಜ್ಯಗಳಲ್ಲಿ ಮತದಾನ ನಡೆಯಿತು. ಇನ್ನೊಂದು ಕಡೆ ಒಂದು ಸಂಜೆ ಪಟ್ಟಿ ಹೊರಬಿತ್ತು.

ಪಕ್ಷವೊಂದು ಯಾರಿಗೆ ಟಿಕೆಟ್ ಕೊಡುತ್ತದೆ ಎಂಬುದು ಅದರ ಮನೆಯ ವಿಷಯ, ನಮಗೇಕೆ ಆ ಚಿಂತೆ ಎಂದು ಕೆಲವರು ಕೇಳಬಹುದು. ಒಂದು ಪಕ್ಷ ಬಲವಾಗಿ ಬೇರೂರಿರುವ ಕ್ಷೇತ್ರದಲ್ಲಿ ಆ ಪಕ್ಷದ ಟಿಕೆಟ್ ಸಿಕ್ಕಿದರೆ ಅರ್ಧ ಚುನಾವಣೆ ಗೆದ್ದಂತೆ. ಹಾಗಾದರೆ ಆ ಅರ್ಧ ಚುನಾವಣೆಯಲ್ಲಿ ಮತ ಹಾಕುವವರು ಯಾರು? ಈ ಪ್ರಶ್ನೆ ಯಾವ ಪಕ್ಷಕ್ಕೆ ಮತ ಹಾಕುವವರಿಗೂ ಸಂಬಂಧಿಸಿದ್ದು.

ಆಕಾಂಕ್ಷಿಗಳು ಯಾರಿದ್ದರು?

2024ರ ಆರಂಭದ ಆ ದಿನಗಳನ್ನು ನೆನಪಿಸಿಕೊಳ್ಳೋಣ. ಕೇಂದ್ರದಲ್ಲಿ ಕೃಷಿ ಖಾತೆಯ ರಾಜ್ಯ ಸಚಿವೆಯಾಗಿದ್ದ ಶೋಭಾ ಅವರ ವಿರುದ್ಧ 'ಗೋ ಬ್ಯಾಕ್' ಎಂಬ ಕೂಗು ಪಕ್ಷದ ಕಾರ್ಯಕರ್ತರ ನಡುವಿನಿಂದಲೇ ಎದ್ದಿತ್ತು. 2019ರಲ್ಲೂ ಇಂಥದೇ ಕೂಗು ಕೇಳಿಬಂದಿತ್ತು. ಆಗ ಅವರಿಗೇ ಟಿಕೆಟ್ ಸಿಕ್ಕಿ ಸುಮಾರು 3.49 ಲಕ್ಷ ಮತಗಳ ಅಂತರದಿಂದ ಗೆದ್ದಿದ್ದರು. ಕ್ಷೇತ್ರಕ್ಕೆ ಬರುವುದಿಲ್ಲ, ಕಾರ್ಯಕರ್ತರ ಕೈಗೆ ಸಿಗುವುದಿಲ್ಲ ಎಂಬುದು ವಿರೋಧಿಗಳ ದೂರು. ಎರಡು ಗೆಲುವು, ದೆಹಲಿಯ ಅನುಭವ, ಸಚಿವ ಸ್ಥಾನ ಇವು ಬೆಂಬಲಿಗರ ಉತ್ತರ.

ಪ್ರಮೋದ್ ಮಧ್ವರಾಜ್ ಅವರೂ ಆಕಾಂಕ್ಷಿಯಾಗಿದ್ದರು. ಮೊಗವೀರ ಸಮುದಾಯದ ಮುಖಂಡರು, ಮೀನುಗಾರಿಕೆ ಖಾತೆಯ ಮಾಜಿ ಸಚಿವರು. ಆದರೆ ಅವರು 2022ರಲ್ಲಷ್ಟೇ ಕಾಂಗ್ರೆಸ್ ಬಿಟ್ಟು ಬಂದವರು. 2019ರಲ್ಲಿ ಜೆಡಿಎಸ್ ಚಿಹ್ನೆಯಡಿ ಇದೇ ಕ್ಷೇತ್ರದಲ್ಲಿ ಶೋಭಾ ಅವರ ಎದುರಾಳಿಯಾಗಿದ್ದವರು. ಘಟ್ಟದ ಮೇಲಿನಿಂದ ಸಿ.ಟಿ. ರವಿಯವರ ಹೆಸರೂ ಕೇಳಿಬಂತು. ಚಿಕ್ಕಮಗಳೂರಿನಿಂದ ನಾಲ್ಕು ಬಾರಿ ಶಾಸಕರಾಗಿದ್ದ ಅವರು 2023ರಲ್ಲಿ ಸೋತಿದ್ದರು.

ಕೊನೆಗೆ ಟಿಕೆಟ್ ಸಿಕ್ಕಿದ ಕೋಟ ಶ್ರೀನಿವಾಸ ಪೂಜಾರಿಯವರು ಗ್ರಾಮ ಪಂಚಾಯತ್‌ನಿಂದ ಮೇಲೆ ಬಂದವರು. ವಿಧಾನ ಪರಿಷತ್ ಸದಸ್ಯರಾಗಿ, ಮುಜರಾಯಿ ಮತ್ತು ಸಮಾಜ ಕಲ್ಯಾಣ ಸಚಿವರಾಗಿ, ಪರಿಷತ್ತಿನ ವಿರೋಧ ಪಕ್ಷದ ನಾಯಕರಾಗಿ ಕೆಲಸ ಮಾಡಿದ್ದವರು. ಸರಳ ಬದುಕಿನವರೆಂಬ ಹೆಸರಿತ್ತು; ಕರಾವಳಿಯಲ್ಲಿ ದೊಡ್ಡ ಸಂಖ್ಯೆಯಲ್ಲಿರುವ ಬಿಲ್ಲವ ಸಮುದಾಯದವರು ಎಂಬುದೂ ಲೆಕ್ಕಕ್ಕೆ ಬಂದಿರಬೇಕು. ಈ ನಾಲ್ವರಲ್ಲಿ ಪಕ್ಷದ ಸಾಮಾನ್ಯ ಕಾರ್ಯಕರ್ತ ಒಪ್ಪಬಹುದಾದ ಆಯ್ಕೆ ಇದೇ ಆಗಿತ್ತು. ಕೆಳಗಿನ ಮೆಟ್ಟಿಲಿನಿಂದ ಹತ್ತಿ ಬಂದವನಿಗೆ ಜನರ ಕಷ್ಟ ಹೆಚ್ಚು ಗೊತ್ತಿರುತ್ತದೆ ಎಂಬ ನಂಬಿಕೆಯನ್ನು ತಳ್ಳಿಹಾಕುವಂತಿಲ್ಲ.

ಅಂಕಿಗಳು ಏನು ಹೇಳುತ್ತವೆ?

ಏಪ್ರಿಲ್ 26ರಂದು ಮತದಾನ ನಡೆಯಿತು, ಜೂನ್ 4ರಂದು ಫಲಿತಾಂಶ ಬಂತು. ಪೂಜಾರಿಯವರು ಕಾಂಗ್ರೆಸ್‌ನ ಕೆ. ಜಯಪ್ರಕಾಶ್ ಹೆಗ್ಡೆಯವರನ್ನು ಸುಮಾರು 2.59 ಲಕ್ಷ ಮತಗಳಿಂದ ಸೋಲಿಸಿದರು. ಅತ್ತ ಬೆಂಗಳೂರು ಉತ್ತರದಲ್ಲಿ ಶೋಭಾ ಅವರೂ ಗೆದ್ದರು. ಅಲ್ಲಿಯ ಅಂತರವೂ ಸುಮಾರು 2.59 ಲಕ್ಷವೇ! ಇಲ್ಲಿ ಬೇಡವೆಂದು ಕಾರ್ಯಕರ್ತರು ಕೂಗಿದವರು ಅಲ್ಲಿ ಗೆದ್ದರು, ಇಲ್ಲಿಗೆ ಹೊಸದಾಗಿ ಬಂದವರು ಇಲ್ಲಿ ಗೆದ್ದರು, ಹೆಚ್ಚುಕಡಿಮೆ ಒಂದೇ ಅಂತರದಲ್ಲಿ. ಅಂದರೆ ಬಹುಪಾಲು ಮತದಾರರು ನೋಡಿದ್ದು ಚಿಹ್ನೆಯನ್ನು, ದೆಹಲಿಯ ನಾಯಕತ್ವವನ್ನು. ಹೀಗಿರುವಾಗ ಯಾವ ವ್ಯಕ್ತಿ ನಮ್ಮ ಪ್ರತಿನಿಧಿಯಾಗಬೇಕು ಎಂಬುದು ತೀರ್ಮಾನವಾಗುವುದು ಮತಗಟ್ಟೆಯಲ್ಲಿ ಅಲ್ಲವೇ ಅಲ್ಲ. ಅದು ಟಿಕೆಟ್ ಹಂಚಿಕೆಯ ಕೋಣೆಯಲ್ಲಿ ಮೊದಲೇ ಮುಗಿದಿರುತ್ತದೆ.

ಕ್ಷೇತ್ರ ಎಂದೆಂದಿಗೂ ಒಂದೇ ಪಕ್ಷದ್ದು ಎಂದೇನೂ ಇಲ್ಲ. 2009ರಲ್ಲಿ ಡಿ.ವಿ. ಸದಾನಂದ ಗೌಡರು ಇಲ್ಲಿ ಗೆದ್ದದ್ದು ಸುಮಾರು 27 ಸಾವಿರ ಮತಗಳಿಂದ. 2011ರಲ್ಲಿ ಅವರು ಮುಖ್ಯಮಂತ್ರಿಯಾದ ಮೇಲೆ, 2012ರ ಉಪಚುನಾವಣೆಯಲ್ಲಿ ಜಯಪ್ರಕಾಶ್ ಹೆಗ್ಡೆಯವರು ಬಿಜೆಪಿಯ ವಿ. ಸುನಿಲ್ ಕುಮಾರ್ ಅವರನ್ನು ಸೋಲಿಸಿದ್ದರು. ಜನ ಮನಸ್ಸು ಮಾಡಿದರೆ ಫಲಿತಾಂಶ ಬದಲಾಗುತ್ತದೆ. ಆದರೆ 2014ರಿಂದೀಚೆಗೆ ನಡೆದ ಮೂರು ಚುನಾವಣೆಗಳಲ್ಲಿ ಅಂತರ ಲಕ್ಷಗಳಲ್ಲೇ ಇದೆ.

ಇದೇ ಸದಾನಂದ ಗೌಡರು 2014ರಲ್ಲಿ ಬೆಂಗಳೂರು ಉತ್ತರಕ್ಕೆ ಹೋಗಿ ಅಲ್ಲಿ ಎರಡು ಬಾರಿ ಗೆದ್ದರು. 2024ರಲ್ಲಿ ಅವರಿಗೆ ಟಿಕೆಟ್ ತಪ್ಪಿ ಆ ಸ್ಥಾನ ಶೋಭಾ ಅವರಿಗೆ ಹೋಯಿತು. ನಮ್ಮ ಕ್ಷೇತ್ರದ ಇಬ್ಬರು ಸಂಸದರು ಒಬ್ಬರ ಹಿಂದೆ ಒಬ್ಬರಂತೆ ರಾಜಧಾನಿಯ ಒಂದೇ ಕ್ಷೇತ್ರವನ್ನು ಸೇರಿದ್ದು ಕಾಕತಾಳೀಯ ಇರಬಹುದು. ಆದರೆ ಹಾಗೆ ಕಳುಹಿಸುವಾಗ ಇಲ್ಲಿಯ ಜನರನ್ನೂ ಅಲ್ಲಿಯ ಜನರನ್ನೂ ಯಾರೂ ಕೇಳಲಿಲ್ಲ.

ಘಟ್ಟದ ಮೇಲೆ, ಘಟ್ಟದ ಕೆಳಗೆ

ಕ್ಷೇತ್ರ ಪುನರ್ವಿಂಗಡಣೆಯ ನಂತರ, 2009ರ ಚುನಾವಣೆಯಿಂದ ಜಾರಿಗೆ ಬಂದ ಈ ಕ್ಷೇತ್ರದಲ್ಲಿ ಎಂಟು ವಿಧಾನಸಭಾ ಕ್ಷೇತ್ರಗಳಿವೆ. ಕುಂದಾಪುರ, ಉಡುಪಿ, ಕಾಪು, ಕಾರ್ಕಳ ಘಟ್ಟದ ಕೆಳಗೆ. ಶೃಂಗೇರಿ, ಮೂಡಿಗೆರೆ, ಚಿಕ್ಕಮಗಳೂರು, ತರೀಕೆರೆ ಘಟ್ಟದ ಮೇಲೆ. 2023ರ ವಿಧಾನಸಭಾ ಚುನಾವಣೆಯಲ್ಲಿ ಕೆಳಗಿನ ನಾಲ್ಕೂ ಬಿಜೆಪಿಗೆ, ಮೇಲಿನ ನಾಲ್ಕೂ ಕಾಂಗ್ರೆಸ್‌ಗೆ ಹೋದವು. ಸಂಸದರ ವಿಚಾರಕ್ಕೆ ಬಂದರೆ ಸದಾನಂದ ಗೌಡ, ಜಯಪ್ರಕಾಶ್ ಹೆಗ್ಡೆ, ಶೋಭಾ ಕರಂದ್ಲಾಜೆ, ಶ್ರೀನಿವಾಸ ಪೂಜಾರಿ ನಾಲ್ವರೂ ಘಟ್ಟದ ಕೆಳಗಿನವರೇ. 2024ರಲ್ಲಿ ಎರಡೂ ಪ್ರಮುಖ ಪಕ್ಷಗಳ ಅಭ್ಯರ್ಥಿಗಳು ಉಡುಪಿ ಜಿಲ್ಲೆಯವರಾಗಿದ್ದರು.

ನರಸಿಂಹರಾಜಪುರ ತಾಲೂಕಿನ ಮುತ್ತಿನಕೊಪ್ಪದಲ್ಲಿ ನಿಂತು ಇದನ್ನು ನೋಡಬೇಕು. ಈ ಊರು ಸೇರಿರುವುದು ಶೃಂಗೇರಿ ವಿಧಾನಸಭಾ ಕ್ಷೇತ್ರಕ್ಕೆ. 2023ರ ಮೇ ತಿಂಗಳಲ್ಲಿ ಘೋಷಣೆಯಾದ ಫಲಿತಾಂಶದಲ್ಲಿ ಕಾಂಗ್ರೆಸ್‌ನ ಟಿ.ಡಿ. ರಾಜೇಗೌಡರು ಬಿಜೆಪಿಯ ಡಿ.ಎನ್. ಜೀವರಾಜ್ ಅವರನ್ನು ಕೇವಲ 201 ಮತಗಳಿಂದ ಸೋಲಿಸಿದ್ದರು. ವಿಷಯ ನ್ಯಾಯಾಲಯದ ಮೆಟ್ಟಿಲನ್ನೂ ಏರಿತು. ಅಲ್ಲಿ ಒಂದು ಸಣ್ಣ ಊರಿನ ಮತಗಳೇ ಶಾಸಕರನ್ನು ತೀರ್ಮಾನಿಸಬಲ್ಲವು. ಒಂದೇ ವರ್ಷದ ನಂತರ ಅದೇ ಮತದಾರ ಲೋಕಸಭೆಗೆ ಹಾಕಿದ ಮತ ಎರಡೂವರೆ ಲಕ್ಷದ ಅಂತರದಲ್ಲಿ ಕರಗಿಹೋಯಿತು.

ಈ ಊರುಗಳ ನೋವು ಮಾತ್ರ ಲೋಕಸಭೆಗೇ ಸಂಬಂಧಿಸಿದ್ದು. ಅಡಿಕೆ ತೋಟಗಳನ್ನು ಹಳದಿ ಎಲೆ ರೋಗ ದಶಕಗಳಿಂದ ತಿನ್ನುತ್ತಿದೆ. ಈಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗ ಅದಕ್ಕೆ ಜೊತೆಯಾಗಿದೆ. ಅಡಿಕೆಯ ಆಮದು ನೀತಿ ಕೇಂದ್ರದ ಕೈಯಲ್ಲಿದೆ. 2023ರ ಫೆಬ್ರವರಿಯಲ್ಲಿ ಕನಿಷ್ಠ ಆಮದು ದರವನ್ನು ಕಿಲೋಗೆ 351 ರೂಪಾಯಿಗೆ ಏರಿಸಿದ್ದು ಕೇಂದ್ರವೇ. ಕಸ್ತೂರಿರಂಗನ್ ವರದಿಯ ಆಧಾರದ ಪರಿಸರ ಸೂಕ್ಷ್ಮ ಪ್ರದೇಶದ ಕರಡು ಅಧಿಸೂಚನೆ 2024ರ ಜುಲೈ 31ರಂದು ಆರನೇ ಬಾರಿ ಹೊರಬಿತ್ತು. ಅದರಲ್ಲಿ ಕರ್ನಾಟಕದ ಪಾಲು 20,668 ಚದರ ಕಿಲೋಮೀಟರ್. ಅದನ್ನು ಹೊರಡಿಸಿದ್ದೂ ಕೇಂದ್ರವೇ. ಕಾಡಾನೆಗಳ ದಾಳಿಗೆ ಈ ಭಾಗದಲ್ಲಿ ಜೀವಗಳು ಹೋಗಿವೆ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಸಂಸತ್ತಿನದು. ಟಿಕೆಟ್‌ಗಾಗಿ ನಡೆದ ಚರ್ಚೆಯಲ್ಲಿ ಇವುಗಳಲ್ಲಿ ಎಷ್ಟು ಕೇಳಿಬಂದವು? ಯಾರು ಸ್ಥಳೀಯರು, ಯಾವ ಜಾತಿಯವರು, ಯಾರ ಬೆಂಬಲಿಗರು ಎಂಬುದೇ ಹೆಚ್ಚಾಗಿ ಕೇಳಿಬಂತು. 'ಗೋ ಬ್ಯಾಕ್' ಎಂದವರು ಯಾರು ಬೇಡ ಎಂಬುದನ್ನು ಗಟ್ಟಿಯಾಗಿ ಹೇಳಿದರು. ಏನು ಬೇಕು ಎಂಬುದನ್ನು ಅಷ್ಟೇ ಗಟ್ಟಿಯಾಗಿ ಯಾರೂ ಹೇಳಲಿಲ್ಲ.

ಬೇರೆ ದಾರಿಗಳು ಇವೆಯೇ?

ಅಮೆರಿಕದಲ್ಲಿ 2024ರ ಜನವರಿ 15ರಂದು ಅಯೋವಾ ರಾಜ್ಯದಿಂದ ರಿಪಬ್ಲಿಕನ್ ಆಯ್ಕೆ ಪ್ರಕ್ರಿಯೆ ಆರಂಭವಾಯಿತು. ರಾನ್ ಡಿಸಾಂಟಿಸ್ ಅದೇ ತಿಂಗಳು ಹಿಂದೆ ಸರಿದರು. ಭಾರತೀಯ ಮೂಲದ ನಿಕ್ಕಿ ಹೇಲಿ ಮಾರ್ಚ್ 6ರವರೆಗೆ ಕಣದಲ್ಲಿದ್ದರು. ಸಣ್ಣ ಊರಿನ ರೈತನೂ ಮತ ಹಾಕಿ ತನ್ನ ಪಕ್ಷದ ಅಭ್ಯರ್ಥಿಯನ್ನು ಆರಿಸಿದ. ಆದರೂ ಅಲ್ಲಿ ಎಲ್ಲವೂ ಸರಿ ಎನ್ನುವಂತಿಲ್ಲ. ಹಣದ ಹೊಳೆ ಹರಿಯುತ್ತದೆ. ಮುಂಚೂಣಿಯಲ್ಲಿದ್ದ ಟ್ರಂಪ್ ಎದುರಾಳಿಗಳೊಂದಿಗಿನ ಒಂದು ಚರ್ಚೆಗೂ ಬರಲಿಲ್ಲ. ಬ್ರಿಟನ್ನಿನ ಕನ್ಸರ್ವೇಟಿವ್ ಪಕ್ಷದ ಸದಸ್ಯರು 2022ರ ಸೆಪ್ಟೆಂಬರ್‌ನಲ್ಲಿ ರಿಷಿ ಸುನಕ್ ಅವರನ್ನು ಬಿಟ್ಟು ಲಿಜ್ ಟ್ರಸ್ ಅವರನ್ನು ಆರಿಸಿದರು. ಆ ಪ್ರಧಾನಿ ಎರಡು ತಿಂಗಳೂ ಉಳಿಯಲಿಲ್ಲ. ಪಕ್ಷದೊಳಗಿನ ಮತದಾನದಿಂದ ಯೋಗ್ಯರೇ ಬರುತ್ತಾರೆ ಎಂಬ ಖಾತ್ರಿಯಿಲ್ಲ. ಆದರೆ ತಪ್ಪಾದರೆ ಅದು ಯಾರ ತಪ್ಪು ಎಂಬುದು ಎಲ್ಲರಿಗೂ ಗೊತ್ತಾಗುತ್ತದೆ.

ಇಂಥ ಪ್ರಯೋಗ ನಮ್ಮ ಕರಾವಳಿಗೆ ಹೊಸದೇನಲ್ಲ. 2014ರ ಲೋಕಸಭಾ ಚುನಾವಣೆಗೆ ಮುನ್ನ ಕಾಂಗ್ರೆಸ್ ದೇಶದ ಕೆಲವು ಆಯ್ದ ಕ್ಷೇತ್ರಗಳಲ್ಲಿ ಪಕ್ಷದೊಳಗೇ ಮತದಾನ ನಡೆಸಿ ಅಭ್ಯರ್ಥಿಗಳನ್ನು ಆರಿಸಿತು. ಕರ್ನಾಟಕದಲ್ಲಿ ದಕ್ಷಿಣ ಕನ್ನಡ ಮತ್ತು ಬೆಂಗಳೂರು ಉತ್ತರ ಆ ಪಟ್ಟಿಯಲ್ಲಿದ್ದವು. ಇಲ್ಲಿ ಬಿ. ಜನಾರ್ದನ ಪೂಜಾರಿ, ಅಲ್ಲಿ ಸಿ. ನಾರಾಯಣಸ್ವಾಮಿ ಆಯ್ಕೆಯಾದರು, ಮುಖ್ಯ ಚುನಾವಣೆಯಲ್ಲಿ ಇಬ್ಬರೂ ಸೋತರು. ಸೋಲಿನ ಜೊತೆಗೆ ಆ ಪ್ರಯೋಗವೂ ಮೂಲೆ ಸೇರಿತು. 2023ರ ಮಾರ್ಚ್ ಕೊನೆಯಲ್ಲಿ ಬಿಜೆಪಿಯೂ ವಿಧಾನಸಭೆಯ ಆಕಾಂಕ್ಷಿಗಳ ಬಗ್ಗೆ ಜಿಲ್ಲೆ ಜಿಲ್ಲೆಗಳಲ್ಲಿ ತನ್ನ ಪದಾಧಿಕಾರಿಗಳಿಂದ ಮತ ಪಡೆಯಿತು. ಒಳ್ಳೆಯ ಹೆಜ್ಜೆಯೇ. ಆದರೆ ಯಾರಿಗೆ ಎಷ್ಟು ಮತ ಬಿತ್ತು ಎಂಬ ಲೆಕ್ಕ ಸಾರ್ವಜನಿಕರ ಮುಂದೆ ಬರಲಿಲ್ಲ. 2024ರಲ್ಲಿ ಜಯಪ್ರಕಾಶ್ ಹೆಗ್ಡೆಯವರು ಮಾರ್ಚ್‌ನಲ್ಲಿ ಬಿಜೆಪಿಯಿಂದ ಕಾಂಗ್ರೆಸ್‌ಗೆ ಮರಳಿ ಅದೇ ತಿಂಗಳು ಅದರ ಅಭ್ಯರ್ಥಿಯಾದರು. ವರ್ಷಗಟ್ಟಲೆ ಬಾವುಟ ಕಟ್ಟಿದ ಕಾರ್ಯಕರ್ತನನ್ನು ಕೇಳುವ ಅಭ್ಯಾಸ ಯಾವ ಪಕ್ಷಕ್ಕೂ ಇಲ್ಲ.

ಜನತಾ ಪ್ರಾತಿನಿಧ್ಯ ಕಾಯ್ದೆಯು ಪಕ್ಷಗಳ ನೋಂದಣಿಯ ಬಗ್ಗೆ ಹೇಳುತ್ತದೆ. ಅಭ್ಯರ್ಥಿಯನ್ನು ಹೇಗೆ ಆರಿಸಬೇಕು ಎಂಬುದನ್ನು ಹೇಳುವುದಿಲ್ಲ. ಕಾನೂನು ಆಯೋಗ 1999ರ ತನ್ನ 170ನೇ ವರದಿಯಲ್ಲೇ ಪಕ್ಷಗಳೊಳಗೆ ಪ್ರಜಾಪ್ರಭುತ್ವ ಬೇಕೆಂದು ಶಿಫಾರಸು ಮಾಡಿತ್ತು. ಕಾಲು ಶತಮಾನ ಕಳೆದಿದೆ. ಇದರ ಮೇಲೆ 1985ರ ಪಕ್ಷಾಂತರ ನಿಷೇಧ ಕಾನೂನು ಇದೆ. ಪಕ್ಷಾಂತರದ ಪಿಡುಗಿಗೆ ಅದು ಬೇಕೇ ಬೇಕು. ಆದರೆ ಸದನದಲ್ಲಿ ಪಕ್ಷದ ವಿಪ್ ಮೀರಿದರೆ ಸದಸ್ಯತ್ವಕ್ಕೇ ಕುತ್ತು. ಟಿಕೆಟ್ ಕೊಡುವವರೂ ವರಿಷ್ಠರು, ಸದನದಲ್ಲಿ ಹೇಗೆ ಮತ ಹಾಕಬೇಕೆಂದು ಹೇಳುವವರೂ ವರಿಷ್ಠರು. ಹೀಗಿರುವಾಗ ಸಂಸದನ ಕಣ್ಣು ದೆಹಲಿಯತ್ತ ಇರುವುದು ಸಹಜ. ಮುತ್ತಿನಕೊಪ್ಪದ ತೋಟದತ್ತ ಅದು ತಿರುಗಬೇಕಾದರೆ ನಾವೇ ಕರೆಯಬೇಕು.

ನಾವೇನು ಮಾಡಬಹುದು?

ವಿಧಾನಸಭೆಯ ಅವಧಿ 2028ಕ್ಕೆ, ಲೋಕಸಭೆಯ ಅವಧಿ 2029ಕ್ಕೆ ಮುಗಿಯುತ್ತದೆ. ಪಟ್ಟಿ ಬಂದ ಮೇಲೆ ಮಾತಾಡಿ ಫಲವಿಲ್ಲ. ಆಕಾಂಕ್ಷಿಗಳು ಮನೆ ಬಾಗಿಲಿಗೆ ಬರುವ ಮೊದಲ ದಿನಗಳಲ್ಲೇ ಮಾತಾಡಬೇಕು.

ಮೊದಲನೆಯದಾಗಿ, ಊರಿನವರು ಪಕ್ಷ, ಜಾತಿ, ಮತ ನೋಡದೆ ಒಟ್ಟಿಗೆ ಕುಳಿತು ಐದೇ ಐದು ಪ್ರಶ್ನೆಗಳನ್ನು ಬರೆಯಲಿ. ಅಡಿಕೆ ರೋಗಕ್ಕೆ ಪರಿಹಾರ ಮತ್ತು ಸಂಶೋಧನೆ, ಆನೆ ಹಾವಳಿ, ಪರಿಸರ ಸೂಕ್ಷ್ಮ ಪ್ರದೇಶದ ಗಡಿ, ಜಮೀನಿನ ಹಕ್ಕು, ತಿಂಗಳಿಗೊಮ್ಮೆಯಾದರೂ ಜನರ ಕೈಗೆ ಸಿಗುವ ಕಚೇರಿ. ಎಲ್ಲ ಪಕ್ಷಗಳ ಎಲ್ಲ ಆಕಾಂಕ್ಷಿಗಳಿಗೂ ಅದೇ ಹಾಳೆಯನ್ನು ಕೊಡಲಿ. ಉತ್ತರವನ್ನು ಬರವಣಿಗೆಯಲ್ಲಿ ಕೇಳಲಿ.

ಎರಡನೆಯದಾಗಿ, ಯಾವುದಾದರೂ ಪಕ್ಷದ ಮೇಲೆ ಒಲವಿರುವವರು ಹೊರಗೆ ನಿಂತು ಗೊಣಗುವ ಬದಲು ಸದಸ್ಯರಾಗಿ ಬೂತ್ ಸಮಿತಿಯ ಸಭೆಗೆ ಹೋಗಲಿ. ಸಹಕಾರ ಸಂಘದ ನಿರ್ದೇಶಕರ ಆಯ್ಕೆಗೆ, ವಾಳೆಯ ಗುರಿಕಾರರ ಆಯ್ಕೆಗೆ ಮಳೆಯಲ್ಲೂ ಹೋಗಿ ಮತ ಹಾಕುವ ನಮಗೆ ಇದು ಕಷ್ಟದ ಕೆಲಸವಲ್ಲ. ಕಾರ್ಯಕರ್ತರ ಮತ ಪಡೆದರೆ ಅದರ ಎಣಿಕೆಯನ್ನೂ ಪ್ರಕಟಿಸಿ ಎಂದು ಒಳಗಿನಿಂದ ಕೇಳುವ ಹಕ್ಕು ಸದಸ್ಯನಿಗಿದೆ.

ಮೂರನೆಯದಾಗಿ, 'ನಮ್ಮವರಿಗೆ ಟಿಕೆಟ್ ಸಿಗಲಿ' ಎಂಬ ಮಾತಿನಲ್ಲಿರುವ 'ನಮ್ಮವರು' ಯಾರು ಎಂದು ಸ್ವಲ್ಪ ಯೋಚಿಸೋಣ. ಘಟ್ಟದ ಕೆಳಗಿನ ಮತಗಳಿಂದ ಗೆಲ್ಲಬಹುದು ಎಂದು ಘಟ್ಟದ ಮೇಲಿನ ಕಷ್ಟವನ್ನು ಮರೆಯುವ ಅಭ್ಯರ್ಥಿ ಕರಾವಳಿಯವನಾದರೂ ನಮ್ಮವನಲ್ಲ. ಉಡುಪಿಯ ಮತದಾರ ಮುತ್ತಿನಕೊಪ್ಪದ ಪ್ರಶ್ನೆಯನ್ನೂ ತನ್ನ ಪ್ರಶ್ನೆಯೆಂದು ಕೇಳಿದರೆ ಆಕಾಂಕ್ಷಿ ಉತ್ತರ ಹೇಳದೆ ಹೋಗಲಾರ.

2024ರಲ್ಲಿ ಕಾರ್ಯಕರ್ತರ ಕೂಗು ಎದ್ದ ಮೇಲೆ ಹಾಲಿ ಸಂಸದೆಯ ಕ್ಷೇತ್ರ ಬದಲಾಯಿತು. ಕೆಳಗಿನ ದನಿ ಮೇಲಕ್ಕೆ ತಲುಪಬಹುದು ಎಂಬುದಕ್ಕೆ ಇಷ್ಟು ಸಾಕು. ಮುಂದಿನ ಸಲ ಆ ದನಿ 'ಇವರು ಬೇಡ' ಎನ್ನುವಷ್ಟಕ್ಕೇ ನಿಲ್ಲದಿರಲಿ. ಐದು ಪ್ರಶ್ನೆಗಳ ಆ ಹಾಳೆಯನ್ನು ಸಿದ್ಧಪಡಿಸಲು ಚುನಾವಣಾ ಆಯೋಗದ ದಿನಾಂಕಕ್ಕಾಗಿ ಕಾಯಬೇಕಾಗಿಲ್ಲ.

– ಸಂಪಾದಕ