ಹಳೆಯ ಕಾರು ಘಟ್ಟ ಇಳಿಯುವ ಮುನ್ನ

ರಜೆ ಬಂತೆಂದರೆ ಮನೆಯಲ್ಲಿ ಪ್ರವಾಸದ ಮಾತು ಶುರು. ಹಳೆಯ ಮಾರುತಿ 800ರಲ್ಲೇ ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಘಾಟಿಯ ಮೂಲಕ ಮಂಗಳೂರಿಗೆ ಹೋಗಿಬರೋಣ ಎನ್ನುತ್ತಾರೆ ಅಪ್ಪ. 'ಈ ಕಾರು ಘಟ್ಟ ಹತ್ತುತ್ತದೆಯೇ?' ಎಂಬುದು ಅಮ್ಮನ ಚಿಂತೆ. ಆದರೆ ಕೇಳಬೇಕಾದ ಪ್ರಶ್ನೆ ಬೇರೆ: ಸುರಕ್ಷಿತವಾಗಿ ಇಳಿಯುತ್ತದೆಯೇ?

ಹತ್ತಲಾರದ ಕಾರು ನಡುದಾರಿಯಲ್ಲಿ ನಿಲ್ಲುತ್ತದೆ, ಅಷ್ಟೆ. ಇಳಿಜಾರಿನಲ್ಲಿ ನಿಲ್ಲಲಾರದ ಕಾರಿನ ಕಥೆ ಹಾಗಲ್ಲ. ಇದಕ್ಕೆ ಶಾಲೆಯಲ್ಲಿ ಕಲಿತ ಭೌತವಿಜ್ಞಾನವೇ ಸಾಕ್ಷಿ. ಜನ, ಸಾಮಾನು ಸೇರಿ 900 ಕಿಲೋಗ್ರಾಂ ತೂಗುವ ಕಾರು 800 ಮೀಟರ್ ಎತ್ತರದಿಂದ ಕೆಳಗಿಳಿದರೆ ಸುಮಾರು 70 ಲಕ್ಷ ಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ಒಂದು ದೊಡ್ಡ ಬಕೆಟ್, ಅಂದರೆ 20 ಲೀಟರ್ ತಣ್ಣೀರನ್ನು ಕುದಿಬಿಂದುವಿಗೆ ತರಲು ಇಷ್ಟು ಸಾಕು. ಗಾಳಿಯ ತಡೆ, ಟೈರುಗಳ ಘರ್ಷಣೆ ಒಂದು ಪಾಲನ್ನು ಹೀರುತ್ತವೆ. ಉಳಿದದ್ದನ್ನೆಲ್ಲ ಬ್ರೇಕಿನ ಮೇಲೇ ಹೊರಿಸಿದರೆ ಅದು ಕಾದು ಕೆಂಡವಾಗುತ್ತದೆ.

ಇಲ್ಲಿಯೇ ಕಾರಿನ ವಯಸ್ಸು ಕಾಡುವುದು. ಬ್ರೇಕ್ ಆಯಿಲ್ ಗಾಳಿಯಲ್ಲಿನ ತೇವವನ್ನು ಮೆಲ್ಲಗೆ ಹೀರಿಕೊಳ್ಳುತ್ತದೆ. ಕಾರು ಓಡದೆ ನಿಂತಿದ್ದರೂ ಸರಿ. ಡಾಟ್ 3 ದರ್ಜೆಯ ಹೊಸ ಆಯಿಲ್ 205 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬುದು ನಿಯಮ. ತೇವ ಹೀರಿದ ಆಯಿಲ್‌ಗೆ ಆ ಮಿತಿ 140 ಡಿಗ್ರಿ ಮಾತ್ರ. ಕುದಿದ ಆಯಿಲ್‌ನಲ್ಲಿ ಆವಿಯ ಗುಳ್ಳೆಗಳು ಏಳುತ್ತವೆ. ದ್ರವವನ್ನು ಒತ್ತಿ ಕುಗ್ಗಿಸಲಾಗದು, ಆವಿಯನ್ನು ಕುಗ್ಗಿಸಬಹುದು. ಹಾಗಾಗಿ ಪೆಡಲ್ ತಳ ಮುಟ್ಟಿದರೂ ಬ್ರೇಕ್ ಹಿಡಿಯುವುದಿಲ್ಲ. ಊರೊಳಗೆ ಸರಿಯಾಗಿಯೇ ಇದ್ದ ಬ್ರೇಕು ಘಟ್ಟದಲ್ಲಿ ಕೈಕೊಡುವುದು ಹೀಗೆ. ಆಯಿಲ್ ಬದಲಿಸಿ ಎರಡು ವರ್ಷ ಕಳೆದಿದ್ದರೆ ಮೊದಲು ಅದನ್ನು ಬದಲಿಸಿ. ಪ್ಯಾಡ್, ಲೈನರ್‌ಗಳ ಸವೆತವನ್ನೂ ಮೆಕ್ಯಾನಿಕ್‌ನಿಂದ ನೋಡಿಸಿ.

ಇನ್ನು ಟೈರುಗಳು. ಇದು ಮಕ್ಕಳೇ ಮಾಡಬಹುದಾದ ಪರೀಕ್ಷೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿಗಳಿರುತ್ತವೆ. 2316 ಎಂದಿದ್ದರೆ ಅದು ತಯಾರಾದದ್ದು 2016ರ 23ನೇ ವಾರದಲ್ಲಿ. ಗೆರೆಗಳು ಆಳವಾಗಿದ್ದರೂ ರಬ್ಬರ್ ಮುಪ್ಪಾಗಿ ಬಿರುಕು ಬಿಟ್ಟಿರಬಹುದು. ಡಿಕ್ಕಿಯಲ್ಲಿ ಮರೆತುಹೋದ ಸ್ಟೆಪ್ನಿಯನ್ನೂ ನೋಡಬೇಕು, ಅದಕ್ಕೂ ವಯಸ್ಸಾಗಿರುತ್ತದೆ.

ರೇಡಿಯೇಟರಿನ ರಬ್ಬರ್ ಹೋಸ್‌ಗಳನ್ನು ಎಂಜಿನ್ ತಣ್ಣಗಿದ್ದಾಗ ಅಮುಕಿ ನೋಡಿ. ಮೆತ್ತಗಾಗಿದ್ದರೆ, ಬಿರುಕಿದ್ದರೆ ಬದಲಿಸಿ. ದಾರಿಯಲ್ಲಿ ಎಂಜಿನ್ ಕಾದರೆ ಮುಚ್ಚಳ ತೆರೆಯುವ ಆತುರ ಬೇಡ. ಒತ್ತಡದಲ್ಲಿರುವ ಬಿಸಿನೀರು ಚಿಮ್ಮಿ ಮುಖ ಸುಟ್ಟೀತು. ಖಾಸಗಿ ಕಾರಿನ ನೋಂದಣಿಯ ಅವಧಿ 15 ವರ್ಷ. ಅದು ಮುಗಿದಿದ್ದರೆ ನವೀಕರಿಸದೆ ಹೊರಡುವಂತಿಲ್ಲ. ವಿಮೆ ಮತ್ತು ಹೊಗೆ ತಪಾಸಣೆಯ ಪತ್ರಗಳೂ ಜೊತೆಗಿರಲಿ.

ಈ ಕೆಲಸಗಳನ್ನೆಲ್ಲ ಹೊರಡುವ ಹಿಂದಿನ ದಿನಕ್ಕೆ ಇಟ್ಟುಕೊಳ್ಳಬಾರದು. ವಾರ ಮೊದಲೇ ಮುಗಿಸಿ, ಐವತ್ತು ಅರವತ್ತು ಕಿಲೋಮೀಟರ್ ಓಡಿಸಿ ನೋಡಿದರೆ ರಿಪೇರಿಯ ಲೋಪಗಳೂ ಬಯಲಾಗುತ್ತವೆ.

ಕಡೆಗೆ, ಖರ್ಚಿಲ್ಲದ ಒಂದು ಉಪಾಯ. ಘಟ್ಟ ಹತ್ತಲು ಯಾವ ಗೇರು ಬೇಕೋ ಅದೇ ಗೇರಿನಲ್ಲಿ ಇಳಿಯಬೇಕೆಂಬುದು ಹಳೆಯ ಚಾಲಕರ ಪಾಠ. ಆಗ ಎಂಜಿನ್ನೇ ಕಾರನ್ನು ಹಿಡಿದಿಡುತ್ತದೆ, ಬ್ರೇಕಿಗೆ ಬಿಡುವು ಸಿಗುತ್ತದೆ. ಪೆಟ್ರೋಲು ಉಳಿಸಲು ನ್ಯೂಟ್ರಲ್‌ನಲ್ಲಿ ಇಳಿಸುವವರು ಉಳಿಸುವುದು ಕೆಲವೇ ರೂಪಾಯಿ. ಪಣಕ್ಕಿಡುವುದು ಹಿಂದಿನ ಸೀಟಿನಲ್ಲಿ ನಿದ್ರಿಸುತ್ತಿರುವ ಮಕ್ಕಳನ್ನು.