ಕೊನೇ ಗಳಿಗೆಯ ಗೋಳಲ್ಲ ಇದು, ಮೂರು ತಲೆಮಾರಿನ ಬಾಕಿ



ಶ್ರೀಲಂಕಾಗೆ ಏಳು ಜನ ಗೆಳೆಯರು ಹೋಗ್ತೀವಿ ಅಂತ ಹೇಳಿದ್ವಿ, ಹೋಗಿದ್ದು ಐದೇ ಜನ. ಇಬ್ಬರ ಪಾಸ್‌ಪೋರ್ಟ್ ಸಮಯಕ್ಕೆ ಕೈಗೆ ಬರಲಿಲ್ಲ. ಇನ್ನೊಬ್ಬಳು ಅಕ್ಕನ ಪಾಸ್‌ಪೋರ್ಟ್ ವಿಮಾನ ಹತ್ತೋ ಮೂರು ದಿನ ಮುಂಚೆ ಬಂತು, ಅದೂ ತತ್ಕಾಲ್ ದುಡ್ಡು ಕಟ್ಟಿದ್ದಕ್ಕೆ. ಈ ವಿಷಯ ಕೇಳಿ ಪರಿಚಯದವರೊಬ್ಬರು ನಕ್ಕರು. "ನಿಮ್ಮವರದ್ದು ಯಾವಾಗಲೂ ಇದೇ ಕತೆ ಕಣಮ್ಮ. ಕೊನೇ ಗಳಿಗೆವರೆಗೂ ಸುಮ್ಮನಿದ್ದು ಆಮೇಲೆ ವ್ಯವಸ್ಥೇನ ಬೈತೀರಿ" ಅಂದರು.

"ನಿಮ್ಮವರು" ಅಂದರೆ ಯಾರು ಅಂತ ನಿಮಗೂ ಗೊತ್ತು, ನನಗೂ ಗೊತ್ತು. ಅದನ್ನ ಪಕ್ಕಕ್ಕಿಡ್ತೀನಿ. ಆದರೆ "ಕೊನೇ ಗಳಿಗೆ" ಅನ್ನೋ ಮಾತಿಗೆ ಉತ್ತರ ಕೊಡಲೇಬೇಕು. ಯಾಕಂದ್ರೆ ನಾವು ಅರ್ಜಿ ಹಾಕಿದ್ದು ಪ್ರವಾಸಕ್ಕೆ ನಾಲ್ಕು ತಿಂಗಳು ಮುಂಚೆ. ಎಲ್ಲರೂ ಒಂದೇ ವಾರದಲ್ಲಿ ಹಾಕಿದ್ದು. ಹಾಗಿದ್ದೂ ಕೆಲವರಿಗೆ ಹತ್ತು ದಿನಕ್ಕೆ ಬಂತು, ಕೆಲವರಿಗೆ ಬರಲೇ ಇಲ್ಲ. ಈ ವ್ಯತ್ಯಾಸ ಎಲ್ಲಿಂದ ಬಂತು?

ಮೊದಲನೇದು, ಫೈಲು. ನಮ್ಮ ಗುಂಪಿನಲ್ಲಿ ಒಬ್ಬ ಗೆಳೆಯನ ತಂದೆ ಬ್ಯಾಂಕಿನಲ್ಲಿದ್ದವರು. ಅವರ ಮನೇಲಿ ಬೀರು ಇದೆ, ಬೀರುವಿನಲ್ಲಿ ಒಂದು ಫೈಲು ಇದೆ. ಜನನ ಪ್ರಮಾಣಪತ್ರ, ಅಂಕಪಟ್ಟಿ, ಟಿಸಿ, ಮನೆ ಪತ್ರ ಎಲ್ಲ ಅದರೊಳಗೆ. ಅವನಿಗೆ ಐದು ವರ್ಷ ಆಗಿದ್ದಾಗಲೇ ಮೊದಲ ಪಾಸ್‌ಪೋರ್ಟ್ ಆಗಿತ್ತು. ನಮ್ಮ ಕೇರಿಯ ಮನೆಗಳಲ್ಲಿ ಕಾಗದ ಇರೋದು ಅಟ್ಟದ ಮೇಲಿನ ಟ್ರಂಕಿನಲ್ಲಿ. ಮಳೆಗಾಲಕ್ಕೊಂದಿಷ್ಟು ನೆನೆಯುತ್ತೆ, ಇಲಿ ಒಂದಿಷ್ಟು ತಿನ್ನುತ್ತೆ, ಸಾಲ ಕೊಟ್ಟವನ ಹತ್ತಿರ ಒಂದಿಷ್ಟು ಅಡ ಇರುತ್ತೆ. ಆಸ್ತಿ ಪಿತ್ರಾರ್ಜಿತವಾಗಿ ಬರುತ್ತೆ ಅಂತ ಎಲ್ಲರಿಗೂ ಗೊತ್ತು. ಫೈಲೂ ಹಾಗೇ ಬರುತ್ತೆ, ಅದನ್ನ ಯಾರೂ ಲೆಕ್ಕಕ್ಕೆ ಇಡಲ್ಲ.

ಎರಡನೇದು, ಹೆಸರು. ಪಾಸ್‌ಪೋರ್ಟ್ ಅರ್ಜಿಯಲ್ಲಿ ಇನಿಷಿಯಲ್ ಹಾಕೋ ಹಾಗಿಲ್ಲ, ಬಿಡಿಸಿ ಬರೀಬೇಕು. ಹಳೇ ಮೈಸೂರು ಕಡೆ ನಮ್ಮ ಹೆಸರಿನ ಮುಂದೆ ಇರೋ ಒಂದು ಅಕ್ಷರ ಊರಿನದು, ಇನ್ನೊಂದು ಅಪ್ಪನದು. ಸರ್‌ನೇಮ್ ಅಂತ ಕೇಳಿದರೆ ಯಾವುದನ್ನ ಬರೆಯೋದು? ಜಾತಿ ಹೆಸರು ಅಂಟಿಸಿಕೊಂಡವರಿಗೆ ಆ ಜಾಗ ತುಂಬೋಕೆ ಕಷ್ಟ ಇಲ್ಲ. ನಮಗೆ ಒಂದೇ ಹೆಸರು. ಅದು ಬರೀ ನಮ್ಮ ಅರ್ಜಿಯ ಸಮಸ್ಯೆಯೂ ಅಲ್ಲ. 2022ರ ನವೆಂಬರ್‌ನಲ್ಲಿ ಯುಎಇ ದೇಶ, ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರಿಗೆ ವಿಸಿಟ್ ವೀಸಾದ ಮೇಲೆ ಪ್ರವೇಶ ಇಲ್ಲ ಅಂತ ನಿಯಮ ತಂತು. ಆಮೇಲೆ ಪಾಸ್‌ಪೋರ್ಟಿನ ಎರಡನೇ ಪುಟದಲ್ಲಿ ಅಪ್ಪನ ಹೆಸರಿದ್ದರೆ ಸಾಕು ಅಂತ ಸಡಿಲ ಮಾಡಿದರು.

ಇನ್ನು ಕಾಗುಣಿತ. ಚಿಕ್ಕತಾಯಮ್ಮ ಅನ್ನುವಂಥ ಹೆಸರು ತಗೊಳ್ಳಿ. ಇಂಗ್ಲಿಷಲ್ಲಿ ಬರೆಯುವಾಗ ರೇಷನ್ ಕಾರ್ಡಿನಲ್ಲಿ "ತಾ"ಗೆ ಒಂದು ಹೆಚ್ ಇರುತ್ತೆ, ಆಧಾರಿನಲ್ಲಿ ಇರಲ್ಲ, ವೋಟರ್ ಕಾರ್ಡಿನಲ್ಲಿ "ಚಿಕ್ಕ"ದ ಒಂದು ಕೆ ಕಾಣೆ. ಆ ತಾಯಿ ಯಾವುದನ್ನೂ ತಾನೇ ಬರೆದಿಲ್ಲ. ಬರೆದವರು ಮೇಷ್ಟ್ರು, ಗ್ರಾಮ ಲೆಕ್ಕಿಗರು, ಕಂಪ್ಯೂಟರ್ ಆಪರೇಟರ್. ಮೂರು ಜನ ಮೂರು ಥರ ಬರೆದು ಹೋದರು, ಈಗ ಅಫಿಡವಿಟ್ ಮಾಡಿಸೋ ಖರ್ಚು ಮಾತ್ರ ಅವಳದು. ಹುಟ್ಟಿದ ದಿನವೂ ಅಷ್ಟೇ. ನಮ್ಮ ಕೇರಿಯ ಅರ್ಧ ಜನ ಹುಟ್ಟಿದ್ದು ಜೂನ್ 1ಕ್ಕೆ! ಸ್ಕೂಲಿಗೆ ಸೇರಿಸುವಾಗ ಮೇಷ್ಟ್ರಿಗೆ ತೋಚಿದ ತಾರೀಕು ಅದು. ತತ್ಕಾಲ್‌ನಲ್ಲಿ ಪಾಸ್‌ಪೋರ್ಟ್ ಪಡೆದ ನಮ್ಮ ಅಕ್ಕನ ಕಷ್ಟ ಇದೇ. ಎಸ್ಸೆಸ್ಸೆಲ್ಸಿ ಕಾರ್ಡಿನಲ್ಲಿ ಒಂದು ಹೆಸರು, ಆಧಾರಿನಲ್ಲಿ ಇನ್ನೊಂದು. ಸರಿಪಡಿಸೋಕೆ ಮೂರು ತಿಂಗಳು ಓಡಾಡಿದಳು, ಹದಿನಾಲ್ಕು ದಿನದ ಕೂಲಿ ಹೋಯಿತು.

ಮೂರನೇದು, ವಿಳಾಸ. ಬೆಂಗಳೂರಲ್ಲಿ ಜಾತಿ ಕೇಳಿ ಮನೆ ಕೊಡೋರು ಇನ್ನೂ ಇದ್ದಾರೆ. ಸಿಕ್ಕ ಮನೆಗೆ ಕರಾರು ಪತ್ರ ಮಾಡಿಕೊಡೋಕೆ ಮಾಲೀಕ ಒಪ್ಪಲ್ಲ. ವರ್ಷಕ್ಕೊಂದು ಮನೆ ಬದಲಾಯಿಸೋರು "ಈಗಿನ ವಿಳಾಸ" ಅಂತ ಏನು ಬರೀಬೇಕು? ಊರಿನ ವಿಳಾಸ ಕೊಟ್ಟರೆ ವೆರಿಫಿಕೇಶನ್‌ಗೆ ಬಂದ ಪೊಲೀಸರಿಗೆ ಅಕ್ಕಪಕ್ಕದವರು "ಅವರು ಇಲ್ಲಿಲ್ಲ" ಅಂತಾರೆ. ಬೆಂಗಳೂರಿನದು ಕೊಟ್ಟರೆ ಓನರ್ "ನನಗೆ ಗೊತ್ತಿಲ್ಲ" ಅಂತಾನೆ.

ನಾಲ್ಕನೇದು, ಕೇಸು. ಇದು ಹೋರಾಟದಲ್ಲಿರೋ ನಮಗೆಲ್ಲ ಸಂಬಂಧಪಟ್ಟದ್ದು. ವಿಮಾನ ಹತ್ತಲಾಗದ ಇಬ್ಬರಲ್ಲಿ ಒಬ್ಬ ಅಣ್ಣ, ಹಲವು ವರ್ಷದ ಹಿಂದೆ ಸ್ಮಶಾನಕ್ಕೆ ಜಾಗ ಕೊಡಿ ಅಂತ ಹೆಣ ಇಟ್ಕೊಂಡು ರಸ್ತೆಯಲ್ಲಿ ಕೂತವರು. ಅಕ್ರಮ ಕೂಟ, ರಸ್ತೆ ತಡೆ ಅಂತ ಕೇಸಾಯಿತು. ಸ್ಮಶಾನದ ಜಾಗ ಇನ್ನೂ ಸಿಕ್ಕಿಲ್ಲ, ಕೇಸು ಮಾತ್ರ ಜೀವಂತ ಇದೆ. ಪಾಸ್‌ಪೋರ್ಟ್ ನವೀಕರಣಕ್ಕೆ ಹೋದಾಗ ಠಾಣೆಯಿಂದ ಅಡ್ವರ್ಸ್ ರಿಪೋರ್ಟು. ಮನೆಗೆ ಬಂದಿದ್ದ ಪೇದೆ ಕೇಳಿದ್ದು, "ಯಾವ ಸಂಘಟನೆ? ಅಲ್ಲಿ ಹೋಗಿ ಯಾರನ್ನ ಮೀಟ್ ಮಾಡ್ತೀರಿ?"

ಕಾನೂನು ಏನು ಹೇಳುತ್ತೆ ಅಂತ ನಾವು ತಿಳ್ಕೋಬೇಕು. 1967ರ ಪಾಸ್‌ಪೋರ್ಟ್ ಕಾಯ್ದೆಯ 6(2)(ಎಫ್) ಪ್ರಕಾರ ಕ್ರಿಮಿನಲ್ ನ್ಯಾಯಾಲಯದಲ್ಲಿ ಪ್ರಕರಣ ಬಾಕಿ ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಬಹುದು. ಬರೀ ಎಫ್‌ಐಆರ್ ಆಗಿದೆ ಅಂದ ಮಾತ್ರಕ್ಕೆ ಅದು ನ್ಯಾಯಾಲಯದಲ್ಲಿ ಬಾಕಿ ಇರೋ ಪ್ರಕರಣ ಆಗಲ್ಲ, ಕೋರ್ಟು ಅದನ್ನ ವಿಚಾರಣೆಗೆ ತಗೊಂಡಿರಬೇಕು. ತಗೊಂಡಿದ್ದರೂ ದಾರಿ ಇದೆ. 1993ರ ಆಗಸ್ಟ್ 25ರ ಕೇಂದ್ರದ ಅಧಿಸೂಚನೆ ಪ್ರಕಾರ ಅದೇ ನ್ಯಾಯಾಲಯದ ಅನುಮತಿ ತಂದರೆ ಪಾಸ್‌ಪೋರ್ಟ್ ಕೊಡಬೇಕು. ಅನುಮತಿ ಆದೇಶದಲ್ಲಿ ಅವಧಿ ಹೇಳದಿದ್ದರೆ ಒಂದು ವರ್ಷದ್ದು. ಈ ಅಣ್ಣನಿಗೆ ಅದನ್ನ ಯಾವ ಕೌಂಟರಿನಲ್ಲೂ ಯಾರೂ ಹೇಳಲಿಲ್ಲ. "ಕೇಸಿದೆ, ಆಗಲ್ಲ, ಹೋಗಿ" ಅಂದರು ಅಷ್ಟೇ.

ಐದನೇದು, ಇಸಿಆರ್. ಹತ್ತನೇ ಕ್ಲಾಸ್ ಪಾಸಾಗದವರ ಪಾಸ್‌ಪೋರ್ಟು ಸಾಮಾನ್ಯವಾಗಿ ಈ ವರ್ಗಕ್ಕೆ ಬೀಳುತ್ತೆ. ಸೌದಿ, ಕುವೈತ್, ಮಲೇಷ್ಯಾ ಸೇರಿ 18 ದೇಶಗಳಿಗೆ ಕೂಲಿ ಕೆಲಸಕ್ಕೆ ಹೋಗೋರು ಮೋಸ ಹೋಗಬಾರದು ಅಂತ ಇರೋ ನಿಯಮ ಇದು, ಉದ್ದೇಶ ಒಳ್ಳೇದೇ. ಪ್ರವಾಸಕ್ಕೆ ಹೋಗೋರಿಗೆ ಇದು ಅನ್ವಯಿಸಲ್ಲ, ಶ್ರೀಲಂಕಾ ಆ ಪಟ್ಟಿಯಲ್ಲೇ ಇಲ್ಲ. ಆದರೂ ನಮ್ಮ ಜೊತೆಗಿದ್ದ ಒಬ್ಬ ಗೆಳೆಯನನ್ನ ಏರ್‌ಪೋರ್ಟ್ ಕೌಂಟರಿನಲ್ಲಿ ಇಪ್ಪತ್ತು ನಿಮಿಷ ಪಕ್ಕಕ್ಕೆ ನಿಲ್ಲಿಸಿ ಪ್ರಶ್ನೆ ಕೇಳಿದರು. ಅವನ ಹಿಂದೆ ನಿಂತಿದ್ದ ನಮ್ಮನ್ನ ಎರಡು ನಿಮಿಷದಲ್ಲಿ ಕಳಿಸಿದರು. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಇಸಿಆರ್‌ನವರಿಗೆ ಕಿತ್ತಳೆ ಬಣ್ಣದ ಬೇರೆ ಪಾಸ್‌ಪೋರ್ಟ್ ಕೊಡ್ತೀವಿ ಅಂತ ಹೊರಟಿದ್ದು ನೆನಪಿದೆಯಾ? ಓದಿಲ್ಲ ಅನ್ನೋದನ್ನ ದೂರದಿಂದಲೇ ಕಾಣೋ ಹಾಗೆ ಬಣ್ಣ ಬಳಿಯೋದು! ಜನ ವಿರೋಧಿಸಿದ ಮೇಲೆ ಅದೇ ತಿಂಗಳ ಕೊನೆಗೆ ಹಿಂದಕ್ಕೆ ತಗೊಂಡರು. ಊಟದ ತಟ್ಟೆ ಬೇರೆ, ಟೀ ಲೋಟ ಬೇರೆ ಅನುಭವಿಸಿದ ನಮಗೆ ಪಾಸ್‌ಪೋರ್ಟ್ ಬೇರೆ ಅಂದರೆ ಏನು ಅಂತ ಯಾರೂ ಬಿಡಿಸಿ ಹೇಳಬೇಕಿಲ್ಲ.

ಈಗ ಹೋಗಲಾಗದ ಎರಡನೆಯವನ ಕತೆ. ಇದನ್ನ ಹೇಳೋಕೇ ಇಷ್ಟು ಬರೆದಿದ್ದು.

ಅವನು ಸುಳ್ಯ ಕಡೆಯ ರಬ್ಬರ್ ತೋಟದ ಕಾಲೊನಿಯ ಹುಡುಗ. ಮನೇಲಿ ತಮಿಳು, ಹೊರಗೆ ತುಳು, ನಮ್ಮ ಜೊತೆ ಕನ್ನಡ. ಅವನ ಅಜ್ಜಿ ಹುಟ್ಟಿದ್ದು ಕ್ಯಾಂಡಿ ಹತ್ತಿರದ ಟೀ ಎಸ್ಟೇಟಿನಲ್ಲಿ. ಬ್ರಿಟಿಷರ ಕಾಲದಲ್ಲಿ ತಮಿಳುನಾಡಿನಿಂದ ಟೀ ತೋಟಗಳಿಗೆ ಹೋದ ಕೂಲಿಗಳಲ್ಲಿ ಬಹಳಷ್ಟು ಜನ ದಲಿತರು. ತಲೆಮಾರುಗಟ್ಟಲೆ ಅಲ್ಲೇ ಎಲೆ ಕಿತ್ತರು. 1948ರಲ್ಲಿ ಸ್ವತಂತ್ರ ಸಿಲೋನ್ ಪೌರತ್ವ ಕಾಯ್ದೆ ತಂದು ಅಪ್ಪ, ಅಜ್ಜ ಇಲ್ಲೇ ಹುಟ್ಟಿದ್ದಕ್ಕೆ ಕಾಗದ ತೋರಿಸಿ ಅಂತು. ಲೈನ್ ಮನೆಯಲ್ಲಿ ಹುಟ್ಟಿದವರ ಹತ್ತಿರ ಯಾವ ಕಾಗದ? ಸುಮಾರು 7 ಲಕ್ಷ ಜನ ಯಾವ ದೇಶಕ್ಕೂ ಸೇರದವರಾದರು. 1964ರಲ್ಲಿ ಶಾಸ್ತ್ರಿ ಮತ್ತು ಸಿರಿಮಾವೋ ಬಂಡಾರನಾಯಕೆ ಒಪ್ಪಂದ ಮಾಡಿಕೊಂಡು 5,25,000 ಜನ ಇಂಡಿಯಾಗೆ, 3,00,000 ಜನ ಅಲ್ಲಿಗೆ, ಉಳಿದ 1,50,000 ಜನರದ್ದು ಆಮೇಲೆ ನೋಡೋಣ ಅಂತ ಪಾಲು ಮಾಡಿದರು. ದನ ಹಂಚಿಕೊಂಡ ಹಾಗೆ. ಎಲ್ಲಿಗೆ ಹೋಗ್ತೀರಿ ಅಂತ ಆ ಜನರನ್ನ ಕೇಳಿ ಮಾಡಿದ ಒಪ್ಪಂದ ಅಲ್ಲ ಅದು. ಹಾಗೆ ಬಂದವರಲ್ಲಿ ಒಂದಷ್ಟು ಕುಟುಂಬಗಳನ್ನ ದಕ್ಷಿಣ ಕನ್ನಡದ ಸುಳ್ಯ, ಪುತ್ತೂರು ಕಡೆಯ ಸರ್ಕಾರಿ ರಬ್ಬರ್ ತೋಟಗಳಿಗೆ ತಂದುಬಿಟ್ಟರು.

ನಮ್ಮ ಈ ತಮ್ಮನಿಗೆ ಅಜ್ಜಿ ಹುಟ್ಟಿದ ಎಸ್ಟೇಟು ನೋಡೋ ಆಸೆ. ಪ್ರವಾಸಕ್ಕೆ ಶ್ರೀಲಂಕಾನೇ ಆಗಲಿ ಅಂತ ಹಠ ಹಿಡಿದವನೂ ಅವನೇ. ಅವನ ಹತ್ತಿರ ಆಧಾರ್ ಇದೆ, ವೋಟರ್ ಕಾರ್ಡ್ ಇದೆ, ಡಿಗ್ರಿ ಇದೆ. ಹುಟ್ಟಿದ್ದು, ಓದಿದ್ದು, ಓಟು ಹಾಕಿದ್ದು ಎಲ್ಲ ಕರ್ನಾಟಕದಲ್ಲಿ. ಆದರೂ ವೆರಿಫಿಕೇಶನ್‌ನಲ್ಲಿ "ನೀವು ಶ್ರೀಲಂಕಾದವರಲ್ವಾ?" ಅಂತ ಶುರುವಾಯಿತು. ಅಜ್ಜ ಅಜ್ಜಿ ಬಂದಾಗಿನ ಕಾಗದ ತನ್ನಿ ಅಂದರು. ಮನೆಯವರು ಹಳೇ ಫ್ಯಾಮಿಲಿ ಕಾರ್ಡು ಹುಡುಕಿ ತಂದರು, ಅದರಲ್ಲಿ ಅಪ್ಪನ ಹೆಸರು ತಮಿಳು ಉಚ್ಚಾರದಲ್ಲಿದೆ, ಆಧಾರಿನಲ್ಲಿ ಕನ್ನಡ ಉಚ್ಚಾರದಲ್ಲಿದೆ. ಫೈಲು ಅಲ್ಲೇ ಕೂತಿತು. ಅವನ ಅಪ್ಪ ಜಾತಿ ಸರ್ಟಿಫಿಕೇಟಿಗೆ ಅಂತ ವರ್ಷಗಟ್ಟಲೆ ಕಚೇರಿಯಿಂದ ಕಚೇರಿಗೆ ಅಲೆದವರು. ಮಗ ಪಾಸ್‌ಪೋರ್ಟಿಗೆ ಅಲೆದ. ನಾವು ಹೊರಡೋ ಹಿಂದಿನ ರಾತ್ರಿ ಫೋನ್ ಮಾಡಿ, "ಅಕ್ಕಾ, ಎಸ್ಟೇಟಿನ ಹೆಸರು ವಾಟ್ಸಪ್ ಮಾಡಿದ್ದೀನಿ, ಅಜ್ಜಿಗೆ ತೋರಿಸೋಕೆ ಒಂದು ವಿಡಿಯೋ ಮಾಡ್ಕೊಂಡು ಬನ್ನಿ" ಅಂದ. ನಾವು ಮಾಡ್ಕೊಂಡು ಬಂದ್ವಿ. ನಾವು ವಾಪಸ್ ಬಂದ ಮೇಲೆ ಅವನ ಪಾಸ್‌ಪೋರ್ಟ್ ಪೋಸ್ಟಿನಲ್ಲಿ ಬಂತು.

ಕಾಗದ ಇಲ್ಲ ಅಂತ ಅಜ್ಜಿಯನ್ನ ಆ ದೇಶದಿಂದ ಕಳಿಸಿದರು. ಕಾಗದ ಸರಿ ಇಲ್ಲ ಅಂತ ಮೊಮ್ಮಗನಿಗೆ ಆ ದೇಶ ನೋಡೋಕೆ ಬಿಡಲಿಲ್ಲ. ಇದರಲ್ಲಿ ಕೊನೇ ಗಳಿಗೆ ಯಾವುದು ಸ್ವಾಮಿ? 1948 ಕೊನೇ ಗಳಿಗೆಯಾ, 1964ಆ?

ನಮ್ಮವರಲ್ಲೇ ಕೆಲವರು ಕೇಳ್ತಾರೆ, "ಕೇರಿಗೆ ಕುಡಿಯೋ ನೀರಿಲ್ಲ, ನಿಮಗೆ ಫಾರಿನ್ ಟೂರಾ?" ಅಂತ. ನೀರೂ ಬೇಕು, ಪಾಸ್‌ಪೋರ್ಟೂ ಬೇಕು. 1967ರಲ್ಲಿ ಸತ್ವಂತ್ ಸಿಂಗ್ ಪ್ರಕರಣದಲ್ಲೂ 1978ರಲ್ಲಿ ಮೇನಕಾ ಗಾಂಧಿ ಪ್ರಕರಣದಲ್ಲೂ ಸುಪ್ರೀಂ ಕೋರ್ಟು ವಿದೇಶಕ್ಕೆ ಹೋಗೋದು 21ನೇ ವಿಧಿಯ ವೈಯಕ್ತಿಕ ಸ್ವಾತಂತ್ರ್ಯದ ಭಾಗ ಅಂತ ಹೇಳಿದೆ. ಅದು ದುಡ್ಡಿದ್ದವರ ಶೋಕಿ ಅಂತ ಹೇಳಿಲ್ಲ. ಬಾಬಾಸಾಹೇಬರು 1913ರಲ್ಲಿ ನ್ಯೂಯಾರ್ಕಿಗೆ ಹೋಗದಿದ್ದರೆ ನಾವು ಇವತ್ತು ಎಲ್ಲಿರ್ತಿದ್ವಿ? 1950ರ ಮೇ ತಿಂಗಳಲ್ಲಿ ಅವರು ಬೌದ್ಧ ಸಮ್ಮೇಳನಕ್ಕೆ ಅಂತ ಇದೇ ಕ್ಯಾಂಡಿಗೆ ಹೋಗಿದ್ದರು. ತಮ್ಮ ಅನುಭವ ಬರೆದಿಟ್ಟ ಪುಸ್ತಕಕ್ಕೆ "ವೀಸಾಗಾಗಿ ಕಾಯುತ್ತಾ" ಅನ್ನೋ ಹೆಸರಿದೆ. ಅದರಲ್ಲಿ ಯಾವ ಎಂಬೆಸಿಯೂ ಇಲ್ಲ. ಅಪ್ಪನಿಗೆ ಬರೆದ ಕಾಗದ ಕೈ ಸೇರದೆ ರೈಲ್ವೆ ಸ್ಟೇಷನ್ನಿನಲ್ಲಿ ಕಾದ ಮಕ್ಕಳಿದ್ದಾರೆ, ಜಾತಿ ಗೊತ್ತಾದ ಮೇಲೆ ಗಾಡಿ ಹೊಡೆಯಲು ಒಪ್ಪದ ಗಾಡಿಯವರಿದ್ದಾರೆ, ಬರೋಡಾದ ಪಾರ್ಸಿ ಛತ್ರದಲ್ಲಿ ಬೇರೆ ಹೆಸರು ಬರೆಸಿ ಉಳಿಯಬೇಕಾದ ವಿದೇಶದಲ್ಲಿ ಓದಿ ಬಂದ ಮನುಷ್ಯ ಇದ್ದಾರೆ. ಸ್ವಂತ ದೇಶದಲ್ಲೇ ವೀಸಾ ಬೇಕಾದವರು ನಾವು.

ಬೈದು ಸುಮ್ಮನಾದರೆ ಪ್ರಯೋಜನ ಇಲ್ಲ. ಸಂಘಟನೆಗಳು ಮಾಡಬಹುದಾದ ಕೆಲಸ ಇದೆ:

1. ಪ್ರವಾಸ ಇರಲಿ ಬಿಡಲಿ, 18 ತುಂಬಿದ ಪ್ರತಿಯೊಬ್ಬರೂ ಪಾಸ್‌ಪೋರ್ಟ್ ಮಾಡಿಸಿ. 36 ಪುಟದ್ದು, ಹತ್ತು ವರ್ಷಕ್ಕೆ 1500 ರೂಪಾಯಿ. ತತ್ಕಾಲ್ ಆದರೆ ಅದರ ಮೇಲೆ 2000. ತತ್ಕಾಲ್‌ಗೆ ಒಪ್ಪೋ ದಾಖಲೆಗಳ ಪಟ್ಟಿಯಲ್ಲಿ ಜಾತಿ ಪ್ರಮಾಣಪತ್ರವೂ ಇದೆ, ಮರೀಬೇಡಿ.

2. ಅರ್ಜಿ ಹಾಕೋ ಮುಂಚೆ ಅಂಕಪಟ್ಟಿ, ಆಧಾರ್, ವೋಟರ್ ಕಾರ್ಡ್ ಮೂರರಲ್ಲೂ ಒಂದೇ ಕಾಗುಣಿತ ಇದೆಯಾ ನೋಡಿ. ಇನಿಷಿಯಲ್ ಬಿಡಿಸೋದನ್ನ ಮನೆಯವರೆಲ್ಲ ಒಂದೇ ರೀತಿ ಮಾಡಿ. ಇರೋ ಪಾಸ್‌ಪೋರ್ಟಿಗೆ ಕನಿಷ್ಠ 6 ತಿಂಗಳ ವಾಯಿದೆ ಉಳಿದಿದೆಯಾ ನೋಡಿ.

3. 2023ರ ಅಕ್ಟೋಬರ್ 1 ಮತ್ತು ಆಮೇಲೆ ಹುಟ್ಟಿದ ಮಕ್ಕಳಿಗೆ ಹುಟ್ಟಿದ ದಿನಕ್ಕೆ ಜನನ ಪ್ರಮಾಣಪತ್ರ ಒಂದೇ ಪುರಾವೆ. ಹೆರಿಗೆಯಾದ ತಿಂಗಳೊಳಗೇ ಅದನ್ನ ಮಾಡಿಸೋ ಜವಾಬ್ದಾರಿ ಕೇರಿಯ ಯುವಕರು ತಗೊಳ್ಳಲಿ.

4. ಹೋರಾಟದ ಕೇಸುಗಳ ಪಟ್ಟಿ ಮಾಡಿ. ಯಾವುದು ಇನ್ನೂ ಎಫ್‌ಐಆರ್, ಯಾವುದು ಕೋರ್ಟಿನಲ್ಲಿದೆ, ಯಾವುದು ಮುಗಿದಿದೆ ಅಂತ ನಮ್ಮ ವಕೀಲ ಮಿತ್ರರು ತಾಲೂಕುವಾರು ನೋಡಿಕೊಡಲಿ. ಕೇಸು ವಾಪಸ್ ತಗೊಳ್ಳಿ ಅನ್ನೋ ಬೇಡಿಕೆ ಜೊತೆಗೇ ಇರಲಿ.

5. ಸಮಾಜ ಕಲ್ಯಾಣ ಇಲಾಖೆ ವಿದೇಶದಲ್ಲಿ ಓದೋ ನಮ್ಮ ಮಕ್ಕಳಿಗೆ ಪ್ರಬುದ್ಧ ಯೋಜನೆಯಲ್ಲಿ ನೆರವು ಕೊಡುತ್ತೆ. ಸೀಟು ಸಿಕ್ಕ ಮೇಲೆ ಪಾಸ್‌ಪೋರ್ಟಿಗೆ ಓಡೋ ಸ್ಥಿತಿ ಯಾಕೆ ಬರಬೇಕು? ಕೊನೇ ವರ್ಷದ ಡಿಗ್ರಿ ಓದೋ ಹಾಸ್ಟೆಲ್ ಮಕ್ಕಳಿಗೆ ಹಾಸ್ಟೆಲಿನಲ್ಲೇ ಪಾಸ್‌ಪೋರ್ಟ್ ಶಿಬಿರ ಮಾಡಿ ಅಂತ ಇಲಾಖೆಯನ್ನ ಕೇಳೋಣ, ಕೊಡೋವರೆಗೂ ಕೇಳೋಣ.

ಏಪ್ರಿಲ್ 14ರಂದು ಮೆರವಣಿಗೆ, ಡಿಜೆ ಎಲ್ಲ ಇರಲಿ. ಅದರ ಪಕ್ಕದಲ್ಲಿ ಒಂದು ಟೇಬಲ್ಲು, ಎರಡು ಲ್ಯಾಪ್‌ಟಾಪು, ಒಂದು ಜೆರಾಕ್ಸ್ ಮಿಷನ್ನೂ ಇರಲಿ. ಮನೆಗೊಂದು ಪ್ಲಾಸ್ಟಿಕ್ ಫೈಲು ಕೊಟ್ಟು ಕಾಗದ ಜೋಡಿಸಿಕೊಡೋಣ. ನಮ್ಮ ಕೇರಿಯಲ್ಲಿ ಈ ಸಲದಿಂದ ಶುರು ಮಾಡ್ತಿದ್ದೀವಿ. ನಿಮ್ಮ ಕೇರಿಯಲ್ಲಿ ಯಾವಾಗ, ಯಾರು ಮುಂದೆ ನಿಲ್ತೀರಿ, ಹೇಳಿ.

ಜೈ ಭೀಮ್.