ಫ್ಲೆಕ್ಸಿಬಲ್ ಡಿಗ್ರಿ ಅಂದ್ರೆ ಪ್ಲಾನ್ ಇಲ್ಲದ ಡಿಗ್ರಿ ಅಲ್ಲ

1/6
ಸಿಇಟಿ ಆಪ್ಷನ್ ಎಂಟ್ರಿ ಮುಂದೆ ಕೂತಿರೋ ತಮ್ಮ-ತಂಗಿಯರೇ, ಈಗಾಗ್ಲೇ ಬಿಇ ಓದ್ತಿರೋ ಹೈಸ್ಕೂಲ್ ಗೆಳೆಯರೇ, ಈ ಸಲದ ಉದ್ದ ಕ್ಯಾಪ್ಷನ್ ನಿಮಗೆ. "ನೀನು ಓದೋದು ಬಿಕಾಂ, ನಿಂಗ್ಯಾಕೆ ಇಂಜಿನಿಯರಿಂಗ್ ಉಸಾಬರಿ?" ಅಂತೀರಾ. ಕೇಳಿ. ಬಜೆಟ್ ಹಾಕೋದು ನಮ್ಮ ಸಬ್ಜೆಕ್ಟು, ಡಿಗ್ರಿ ಅನ್ನೋದೂ ಒಂದು ಬಜೆಟ್ಟೇ. ಎಐಸಿಟಿಇ ಮಾದರಿ ಪಠ್ಯಕ್ರಮದಲ್ಲಿ ನಾಲ್ಕು ವರ್ಷಕ್ಕೆ ಸುಮಾರು 160 ಕ್ರೆಡಿಟ್. ಅದರಲ್ಲಿ ಬಹುಪಾಲು ನೀವು ಕಾಲೇಜು ಸೇರೋ ಮೊದಲೇ ಖರ್ಚಾಗಿರುತ್ತೆ. ಉಳಿಯೋದು ಎಲೆಕ್ಟಿವ್, ಪ್ರಾಜೆಕ್ಟ್, ಬೇಕಿದ್ರೆ ಒಂದು ಮೈನರ್. ಕೈಯಲ್ಲಿರೋ ಆ ಸ್ವಲ್ಪವನ್ನ ಎಲ್ಲಿ ಹಾಕ್ತೀರಾ ಅನ್ನೋದೇ ಇವತ್ತಿನ ವಿಷಯ.

2/6
ಆಯ್ಕೆ ಕೊಟ್ಟ ಮಾತ್ರಕ್ಕೆ ಎಲ್ಲ ಸರಿ ಹೋಗಲ್ಲ. ಅದನ್ನ ನಾವು ನೋಡಿದೀವಿ. 2023ರಲ್ಲಿ ಡಿಗ್ರಿ ಸೇರಿದ ನಾವು ಕರ್ನಾಟಕದಲ್ಲಿ ಎನ್‌ಇಪಿಯ ಕೊನೇ ಬ್ಯಾಚು. ಕಾಮರ್ಸ್‌ನವರೂ ಬೇರೆ ವಿಭಾಗದ ಓಪನ್ ಎಲೆಕ್ಟಿವ್ ತಗೋಬಹುದು ಅಂದಾಗ ಖುಷಿಯೇ ಆಗಿತ್ತು. ಆದ್ರೆ ಸಂಜೆ ಫಾರ್ಮ್ ಬಂತು, ಬೆಳಗ್ಗೆಗೆ ಲಾಸ್ಟ್ ಡೇಟು. ಕ್ಲಾಸ್ ಗ್ರೂಪಲ್ಲಿ ಬಂದ ಪ್ರಶ್ನೆ ಎರಡೇ: "ಯಾವುದು ಈಜಿ? ಯಾರು ಮಾರ್ಕ್ಸ್ ಕೊಡ್ತಾರೆ?" ಕೇಳಿದವರದ್ದು ತಪ್ಪು ಅನ್ನಲ್ಲ. ಯಾಕೆ ಆರಿಸಬೇಕು ಅಂತ ಯಾರೂ ಹೇಳದಿದ್ರೆ, ಸುಲಭವಾಗಿದ್ದನ್ನೇ ಆರಿಸ್ತೀವಿ. ಇಂಜಿನಿಯರಿಂಗ್‌ನಲ್ಲೂ ಇದೇ ನಡೀತಿದೆ ಅಂತ ನೀವೇ ಹೇಳ್ತಿರ್ತೀರಲ್ಲ.

3/6
ನನ್ನ ಅಭಿಪ್ರಾಯ ಇಷ್ಟೇ: ಸಬ್ಜೆಕ್ಟಿಂದ ಶುರು ಮಾಡ್ಬೇಡಿ, ಒಂದು ಪ್ರಾಬ್ಲಮ್ಮಿಂದ ಶುರು ಮಾಡಿ.

ಬೆಂಗಳೂರಿನ ನಲ್ಲಿ ನೀರನ್ನೇ ತಗೊಳ್ಳಿ. ಕಾವೇರಿ ನೀರು ಸುಮಾರು 100 ಕಿ.ಮೀ. ದೂರದಿಂದ, ತೊರೆಕಾಡನಹಳ್ಳಿ, ಹಾರೋಹಳ್ಳಿ, ತಾತಗುಣಿಯ ಪಂಪುಗಳ ಮೂಲಕ ಗುಡ್ಡ ಹತ್ತಿ ಬರುತ್ತೆ. 2024ರ ಅಕ್ಟೋಬರ್‌ನಲ್ಲಿ ಶುರುವಾದ ಐದನೇ ಹಂತದ ಸಾಮರ್ಥ್ಯವೇ ದಿನಕ್ಕೆ 775 ದಶಲಕ್ಷ ಲೀಟರ್, ಅದು ನಗರದ ಅಂಚಿನ 110 ಹಳ್ಳಿಗಳಿಗೆ. ಇದರಲ್ಲಿ ಪೈಪು ಸಿವಿಲ್‌ನವರದ್ದು. ಪಂಪು ಮೆಕ್ಯಾನಿಕಲ್, ಎಲೆಕ್ಟ್ರಿಕಲ್. ಶುದ್ಧೀಕರಣ ಕೆಮಿಸ್ಟ್ರಿ. ಸೋರಿಕೆ ಹುಡುಕೋ ಸೆನ್ಸರ್‌ಗೆ ಎಲೆಕ್ಟ್ರಾನಿಕ್ಸೂ ಬೇಕು, ಡೇಟಾ ಸೈನ್ಸೂ ಬೇಕು. ಪಂಪಿಂಗ್ ಕರೆಂಟ್ ಬಿಲ್ ಸೇರಿಸಿ ಒಂದು ಕೊಡ ನೀರಿನ ಅಸಲು ಎಷ್ಟು ಅನ್ನೋದು ನಮ್ಮ ಕಾಸ್ಟಿಂಗು. ಒಂದೇ ಬ್ರ್ಯಾಂಚು ಓದಿದವರು ಇದಕ್ಕೆ ಪೂರ್ತಿ ಉತ್ತರ ಕೊಡೋಕಾಗಲ್ಲ.

4/6
ಈಗ ಹಿಂದಿನಿಂದ ಮುಂದಕ್ಕೆ ಪ್ಲಾನ್ ಮಾಡಿ. ಫೈನಲ್ ಇಯರ್ ಪ್ರಾಜೆಕ್ಟ್ "ಒತ್ತಡ ಮತ್ತು ಹರಿವಿನ ರೀಡಿಂಗ್ ನೋಡಿ ಪೈಪ್‌ಲೈನ್ ಸೋರಿಕೆ ಪತ್ತೆ ಹಚ್ಚೋದು" ಅಂತಿಟ್ಕೊಳ್ಳಿ. ಅದಕ್ಕೆ ಮೆಷಿನ್ ಲರ್ನಿಂಗ್ ಬೇಕು. ಅದರ ಕೆಳಗೆ ಪ್ರಾಬಬಿಲಿಟಿ, ಅದರ ಕೆಳಗೆ ಮೊದಲ ವರ್ಷದ ಮ್ಯಾಥ್ಸು. ಇನ್ನೊಂದು ಕಡೆ ಹೈಡ್ರಾಲಿಕ್ಸ್. ಅದಕ್ಕೂ ಮುಂಚೆ ಫ್ಲೂಯಿಡ್ ಮೆಕ್ಯಾನಿಕ್ಸ್. ಎಂಟು ಸೆಮಿಸ್ಟರ್‌ಗೆ ಎಂಟು ಚೌಕ ಬರೆದು ಇವನ್ನ ತುಂಬಿಸಿ ನೋಡಿ. ಮೂರನೇ ಸೆಮ್‌ನಲ್ಲಿ ಒಂದು ಮೆಟ್ಟಿಲು ಬಿಟ್ರೆ ಏಳನೇ ಸೆಮ್‌ನಲ್ಲಿ ಬಾಗಿಲು ತೆರೆಯಲ್ಲ ಅನ್ನೋದು ಆಗ ಕಣ್ಣಿಗೆ ಕಾಣುತ್ತೆ.

ಇನ್ನೊಂದು ಮಾತು. ನಾಲ್ಕು ವಿಷಯದಲ್ಲಿ ನಾಲ್ಕು "ಇಂಟ್ರೊಡಕ್ಷನ್" ಪೇಪರ್ ಮಾಡಿದ್ರೆ ಸಿಗೋದು ನಾಲ್ಕು ಪರಿಚಯ ಮಾತ್ರ, ಸ್ನೇಹ ಒಂದೂ ಆಗಲ್ಲ. ಹೊರಗಿನ ವಿಷಯ ಒಂದೇ ಇರಲಿ, ಆದ್ರೆ ಅದರಲ್ಲಿ ಮೂರು ಮೆಟ್ಟಿಲಾದ್ರೂ ಹತ್ತಿ.

5/6
"ಎಲ್ಲದರಲ್ಲೂ ಸ್ವಲ್ಪ ಗೊತ್ತಿರೋರಿಗೆ ಕೆಲ್ಸ ಯಾರು ಕೊಡ್ತಾರೆ?" ಅಂತ ಮನೇಲಿ ಕೇಳ್ತಾರೆ. ನ್ಯಾಯವಾದ ಪ್ರಶ್ನೆ. ಲೋಕೋಪಯೋಗಿ ಇಲಾಖೆಯ ಸಹಾಯಕ ಇಂಜಿನಿಯರ್ (ಸಿವಿಲ್) ಹುದ್ದೆಗೆ ಸಿವಿಲ್ ಪದವಿಯೇ ಬೇಕು. ನೀವೆಷ್ಟು ಬುದ್ಧಿವಂತರು ಅಂತ ಅರ್ಜಿ ಕೇಳಲ್ಲ. ಆದ್ದರಿಂದ ಡಿಗ್ರಿ ಸರ್ಟಿಫಿಕೇಟಲ್ಲಿ ಒಂದು ಬ್ರ್ಯಾಂಚಿನ ಹೆಸರು ಗಟ್ಟಿಯಾಗಿರಲಿ, ಎರಡನೇದು ಅದರ ಮೇಲೆ ಬರಲಿ.

ಅಮೆರಿಕದ ಎಂಐಟಿಯಲ್ಲಿ "2-ಎ" ಅನ್ನೋ ಡಿಗ್ರಿ ಇದೆ. ಹೆಸರಿಗೆ ಫ್ಲೆಕ್ಸಿಬಲ್, ಆದ್ರೆ ಮೆಕ್ಯಾನಿಕಲ್‌ನ ತಳಪಾಯ ಅಲ್ಲಿ ಯಾರಿಗೂ ತಪ್ಪಲ್ಲ. ಅದರ ಮೇಲೆ ಎನರ್ಜಿ, ರೋಬೊಟಿಕ್ಸ್ ಥರ ಒಂದು ದಿಕ್ಕನ್ನ ವಿದ್ಯಾರ್ಥಿ ಆರಿಸ್ಕೋಬೇಕು. ನಮ್ಮಲ್ಲಿ ಎಐಸಿಟಿಇ ಹೇಳೋ ಮೈನರ್ ಇದಕ್ಕೆ ಹತ್ತಿರ: ಬೇರೆ ವಿಷಯದಲ್ಲಿ 18ರಿಂದ 20 ಕ್ರೆಡಿಟ್ ಹೆಚ್ಚುವರಿ. ಹೆಚ್ಚುವರಿ ಅನ್ನೋ ಪದ ಗಮನಿಸಿ, ಅಂದ್ರೆ ನಿಮ್ಮ ಭಾನುವಾರಗಳೂ ಈ ಬಜೆಟ್ಟಲ್ಲಿ ಸೇರಿವೆ.

6/6
ಹಾಗಂತ ಎಲ್ಲಾ ಭಾರ ನಿಮ್ಮ ತಲೆ ಮೇಲೆ ಹಾಕಿ ಕಾಲೇಜುಗಳು ಕೈ ತೊಳ್ಕೊಳ್ಳೋ ಹಾಗಿಲ್ಲ. ಅಪ್ಪ-ಅಮ್ಮ ಇಂಜಿನಿಯರ್ ಆಗಿರೋರ ಮನೇಲಿ ಈ ಪ್ಲಾನು ಊಟದ ಹೊತ್ತಲ್ಲೇ ಆಗಿಹೋಗುತ್ತೆ. ಮನೆಯಲ್ಲಿ ಮೊದಲ ಸಲ ಡಿಗ್ರಿ ಓದ್ತಿರೋ ಹುಡುಗಿಗೆ ಪ್ರಿರಿಕ್ವಿಸಿಟ್ ಅನ್ನೋ ಪದ ಗೊತ್ತಾಗೋದೇ ಏಳನೇ ಸೆಮ್‌ನಲ್ಲಿ. ದಾರಿ ತೋರಿಸೋರಿಲ್ಲದ ಸ್ವಾತಂತ್ರ್ಯ ಗೊತ್ತಿದ್ದವರಿಗಷ್ಟೇ ಲಾಭ.

ಇನ್ನೊಂದು ಭಯವೂ ಇದೆ. 2024–25ರಿಂದ ಚೆನ್ನಾಗಿ ನಡೆಯೋ ಕಾಲೇಜುಗಳಿಗೆ ಎಐಸಿಟಿಇ ಸೀಟಿನ ಮೇಲ್ಮಿತಿ ತೆಗೆದಿದೆ. ಕಾಲೇಜುಗಳು ಬರೀ ಕಂಪ್ಯೂಟರ್ ಸೈನ್ಸ್ ಸೀಟು ಹೆಚ್ಚಿಸ್ತಾ, ಸಿವಿಲ್, ಮೆಕ್ಯಾನಿಕಲ್ ವಿಭಾಗ ಸೊರಗೋಕೆ ಬಿಟ್ರೆ, ನಾಳೆ ಆ ಮೈನರ್ ಪಾಠ ಮಾಡೋರು ಯಾರು? ಹಲವು ವಿಷಯ ಒಂದೇ ಕ್ಯಾಂಪಸ್ಸಲ್ಲಿ ಜೀವಂತವಾಗಿದ್ರೇನೇ ಇಂಟರ್‌ಡಿಸಿಪ್ಲಿನರಿ ಅನ್ನೋ ಮಾತಿಗೆ ಅರ್ಥ.

ಅದಕ್ಕೇ ಕಾಲೇಜು ನೋಡೋಕೆ ಹೋದಾಗ ಪ್ಲೇಸ್‌ಮೆಂಟ್ ಪೋಸ್ಟರ್ ನೋಡಿದ ಮೇಲೆ ಈ ಮೂರನ್ನೂ ಕೇಳಿ. ಹೋದ ವರ್ಷ ನಿಜವಾಗ್ಲೂ ನಡೆದ ಓಪನ್ ಎಲೆಕ್ಟಿವ್ ಯಾವ್ಯಾವು? ಬೇರೆ ವಿಭಾಗದ ಕ್ಲಾಸಿಗೂ ನಮ್ಮ ಟೈಮ್‌ಟೇಬಲ್‌ಗೂ ಹೊಂದುತ್ತಾ? ಎರಡನೇ ವರ್ಷದಲ್ಲಿ ಕೂರಿಸಿಕೊಂಡು ಪ್ಲಾನ್ ಮಾಡಿಸೋ ಮೇಷ್ಟ್ರು ಯಾರು?

ಉತ್ತರ ಬರೋದ್ರೊಳಗೆ ನೀವೊಂದು ಕೆಲ್ಸ ಮಾಡಿ. ಆಪ್ಷನ್ ಪಟ್ಟಿ ಪಕ್ಕದಲ್ಲಿ ನಿಮ್ಮೂರಿನ ಒಂದು ಪ್ರಾಬ್ಲಂ ಬರೀರಿ. ಬ್ರ್ಯಾಂಚ್ ಹೆಸರು ಆಮೇಲೆ.